ಕಾರಿನ ಲಾಕಿಗೆ ಹೊಡೆದ ಔಷಧಿ

ಭಾಗ್ಯ, ಆ ಸಲದ ರೇಷ್ಮೆ ಹುಳುಗಳು ಸತ್ತಿದ್ದು ನೀನು ಮುಟ್ಟಾದಾಗ ಹುಳುಮನೆಗೆ ಹೋಗಿದ್ದರಿಂದ ಅಲ್ಲ. ಕೊಂದವನು ನಾನು — ನಿನ್ನ ಗಂಡ. ಅವತ್ತೇ ನನಗೆ ಗೊತ್ತಿತ್ತು.

ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪು ಸಾಲದೆ, ಉಯ್ಯಂಬಳ್ಳಿಯ ಸ್ನೇಹಿತನ ತೋಟದಿಂದ ಕಾರಿನ ಹಿಂದಿನ ಸೀಟಿನ ತುಂಬ ಸೊಪ್ಪು ತಂದಿದ್ದೆನಲ್ಲ, ಆ ದಿನ. ಕನಕಪುರದಲ್ಲಿ ಟೀ ಕುಡಿದು ಬಂದು ರಿಮೋಟ್ ಒತ್ತಿದರೆ ಒಂದು ಬಾಗಿಲೂ ತೆರೆಯಲಿಲ್ಲ. ಕೀಲಿ ತಿರುಗಿಸಿ ಮುಂದಿನದನ್ನು ತೆಗೆದು, ಒಳಗಿನಿಂದ ಕೈಚಾಚಿ ಹಿಂದಿನದನ್ನೂ ತೆಗೆದೆ. ರಿಮೋಟಿನ ಸೆಲ್ ಬದಲಿಸಿದೆ — ಇಲ್ಲ. ಫ್ಯೂಸ್ ತೆಗೆದು ನೋಡಿದೆ — ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಹಿಂದಿನ ಬಾಗಿಲ ಲಾಕಿನ ಸಂದಿಯಿಂದ ಇರುವೆ ಸಾಲು ಹೊರಟಿದ್ದು ಕಂಡಿತು. ಇವೇ ಒಳಗೆ ಸೇರಿ ಕೆಡಿಸಿವೆ ಎಂದು ಪಿತ್ತ ನೆತ್ತಿಗೇರಿತು. ಪಕ್ಕದ ಅಂಗಡಿಯಿಂದ ಇರುವೆ ಕೊಲ್ಲುವ ಸ್ಪ್ರೇ ತಂದು, ಬಾಗಿಲು ತೆರೆದಿಟ್ಟುಕೊಂಡೇ ಬುಸ್ಸೆಂದು ಹೊಡೆದೆ. ಸೊಪ್ಪು ಅಲ್ಲೇ, ಗೇಣು ದೂರದಲ್ಲಿತ್ತು.

ಸೊಳ್ಳೆಬತ್ತಿಯ ಹೊಗೆಯನ್ನೂ ತಾಳದ ಹುಳು ಅವು. ಅವುಗಳ ನಡುವೆಯೇ ಬೆಳೆದ ನನಗೆ ಇದು ತಿಳಿಯದೇ? ಮೇಲಿನ ಸೊಪ್ಪು ಮೂಸಿದೆ. ವಾಸನೆ ಇತ್ತು. ಎಸೆಯಬೇಕಿತ್ತು — ಹುಳು ಹಸಿದಿವೆ, ಮತ್ತೆ ಅಷ್ಟು ದೂರ ಯಾರು ಹೋಗುತ್ತಾರೆ ಅನ್ನಿಸಿ... ಕೊಡವಿ ತಂದುಬಿಟ್ಟೆ. ಕೈ ಸಾಲದೆ, ಹೊರಗೆ ಕೂತಿದ್ದ ನಿನ್ನನ್ನು ಸೊಪ್ಪು ಹಾಕಲು ಗುಟ್ಟಾಗಿ ಕರೆದವನೂ ನಾನೇ.

ಬೆಳಗಾಗುವುದರಲ್ಲಿ ಹುಳುಗಳು ತಲೆ ಎತ್ತಿ ಒದ್ದಾಡುತ್ತಿದ್ದವು. ಇನ್ನೇನು ಗೂಡು ಕಟ್ಟಬೇಕಿದ್ದವು — ಒಂದೂ ಉಳಿಯಲಿಲ್ಲ. ಅದೇ ತೋಟದ ಸೊಪ್ಪು ತಿಂದ ಸ್ನೇಹಿತನ ಹುಳು ಚೆನ್ನಾಗಿದ್ದವು. ಹಾಗಾದರೆ ನಮ್ಮ ಮನೆಯಲ್ಲೇ ಏನೋ ಆಗಿದೆ ಎಂದು ಅವ್ವ ಒಬ್ಬೊಬ್ಬರನ್ನೇ ಕೇಳಿದಳು. ನಾನು ತುಟಿ ಬಿಚ್ಚಲಿಲ್ಲ. ನೀನು, ಯಾರೂ ನೋಡಿರದಿದ್ದರೂ, ಒಳಗೆ ಹೋಗಿದ್ದನ್ನು ಹೇಳಿಬಿಟ್ಟೆ. ಕರೆದವನು ನಾನೆಂದು ಮಾತ್ರ ಹೇಳಲಿಲ್ಲ. ಅವ್ವ ಬೀದಿಗೆಲ್ಲ ಕೇಳುವ ಹಾಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ನಾನು ಕಾರಿನ ಪಕ್ಕ ನಿಂತು ಅಷ್ಟನ್ನೂ ಕೇಳಿಸಿಕೊಂಡೆ.

ಆಮೇಲೆ ನೀನು ನನ್ನ ಹತ್ತಿರ ಬಂದೆ. "ನನ್ನಿಂದ ಹಿಂಗಾಗೋಯ್ತು. ಮನ್ಸಿಗೆ ಹಾಕ್ಕೋಬ್ಯಾಡಿ" ಅಂದೆ.

"ಆಗಿದ್ದು ಆಗೋಯ್ತು, ಬುಡು" ಅಂದೆ ನಾನು.

ಕ್ಷಮಿಸಿದೆ ಭಾಗ್ಯ — ನಾನು, ನಿನ್ನನ್ನು. ಭಾವ ಎಂಥ ಒಳ್ಳೆಯವರು, ಒಂದು ಮಾತೂ ಆಡಲಿಲ್ಲ ಎಂದು ನಿನ್ನ ತಂಗಿ ಹೊಗಳಿದಾಗ ಒಳಗೊಳಗೇ ಹಿಗ್ಗಿದ್ದೂ ಉಂಟು. ಥೂ.

ಲಾಕು ಕೆಟ್ಟಿದ್ದು ಇರುವೆಯಿಂದಲೂ ಅಲ್ಲ. ಡ್ರೈವರ್ ಬಾಗಿಲು ಕಾರಿಗೆ ಸೇರುವ ಕಡೆ, ರಬ್ಬರ್ ಕೊಳವೆಯೊಳಗೆ ವೈರು ತುಂಡಾಗಿತ್ತು. ಅದನ್ನು ಸೇರಿಸಿದ ಮೇಲೆ ಇವತ್ತಿನವರೆಗೂ ತೊಂದರೆ ಕೊಟ್ಟಿಲ್ಲ. ನೀನು ಮಾತ್ರ ಅಂದಿನಿಂದ ಹುಳುಮನೆಯ ಹೊಸ್ತಿಲು ದಾಟಿಲ್ಲ, ಮುಟ್ಟಿಲ್ಲದ ದಿನಗಳಲ್ಲೂ. ಹುಳುವಿನ ಮೈ ನೋಡಿಯೇ ಅದರ ಹಸಿವು ಹೇಳುತ್ತಿದ್ದವಳು ನೀನು.

ಇಷ್ಟು ವರ್ಷ ಹೇಗೋ ನುಂಗಿಕೊಂಡಿದ್ದೆ. ಈಗ ನಮ್ಮ ಹರ್ಷಿತಾ ದೊಡ್ಡವಳಾಗಿದ್ದಾಳೆ. ನಿನ್ನೆ ಅವಳು ಹುಳುಮನೆಯತ್ತ ಹೆಜ್ಜೆ ಹಾಕಿದ್ದೇ ತಡ, ನೀನು ಓಡಿ ಬಂದು ಹಿಡಿದುಕೊಂಡೆ.

"ಬ್ಯಾಡ ಕಣವ್ವ. ನಾನು ಒಂದ್ಸಲ ಹೋಗಿ ಎಲ್ಲಾನೂ ಸಾಯಿಸ್ಬುಟ್ಟಿವ್ನಿ."

ಮಗಳು ಹೆದರಿ ತನ್ನ ಕೈಗಳನ್ನೇ ನೋಡಿಕೊಂಡಳು.

ನೀನು ಇದನ್ನು ಓದಿದ ಮೇಲೆ — ಏನಂದರೂ ಸರಿ, ಏನೂ ಅನ್ನದಿದ್ದರೂ ಸರಿ. ಇವತ್ತು ಅವ್ವನನ್ನೂ ಹರ್ಷಿತಾಳನ್ನೂ ಕೂರಿಸಿಕೊಂಡು ಎಲ್ಲವನ್ನೂ ನನ್ನ ಬಾಯಿಂದಲೇ ಹೇಳುತ್ತೇನೆ. ಇನ್ನು ಮುಂದೆ ಮಗಳು ಅಪ್ಪನನ್ನು ಹೇಗೆ ನೋಡುತ್ತಾಳೋ ಹಾಗೆ ನೋಡಲಿ.