ಬಚ್ಚಲಲ್ಲಿ ಹೊಲಿದ ಬೂಟು

ಎಡಗಾಲಿನ ಬೂಟಿನಲ್ಲಿ ಒಂದು ಕಡೆ ಸೂಜಿ ಚರ್ಮ ದಾಟಿ ಆಚೆಗೆ ಹೋಗಿತ್ತು. ಅದು ಹೊಲಿದವಳಾದ ಊಲಾಯುಕಳಿಗೆ ಮಾತ್ರ ಗೊತ್ತಿತ್ತು. ಆ ಬೂಟು ಮೆಟ್ಟಿಕೊಂಡ ಅವಳ ಮಗ ಈಗ ಊರಿನಿಂದ ಒಂದು ಹಗಲಿನ ದಾರಿಯಾಚೆ, ಮಂಜುಗಡ್ಡೆ ಮುಗಿದು ಕಪ್ಪು ಕಡಲು ಶುರುವಾಗುವ ಅಂಚಿನಲ್ಲಿ, ಸೀಲ್ ಯಾವಾಗ ತಲೆ ಎತ್ತುತ್ತದೋ ಎಂದು ಕಾಯುತ್ತ ನಿಂತಿದ್ದ.

ಜೂನ್ ತಿಂಗಳು. ಉತ್ತರ ಧ್ರುವದ ಕಡೆಯ ಬಾಫಿನ್ ದ್ವೀಪದ ಕರಾವಳಿಯಲ್ಲಿ ಸೂರ್ಯ ಮುಳುಗುವ ಮಾತೇ ಇಲ್ಲದ ಕಾಲ. ಕಡಲಿನ ಮೇಲಿನ ಗಡ್ಡೆ ಕೆಳಗೆ ಕಲ್ಲಿನಂತೆ ಗಟ್ಟಿ, ಮೇಲೆ ಮಾತ್ರ ಕರಗಿದ ನೀರು. ನಡೆದರೆ ಮೀನಖಂಡದವರೆಗೆ ಮುಳುಗುತ್ತದೆ. ಇಡೀ ದಿನ ಆ ನೀರಿನಲ್ಲೇ ನಿಲ್ಲಬೇಕಾದವನಿಗೆ ಬೂಟೆಂದರೆ ಅಲಂಕಾರವಲ್ಲ, ಕಾಲಿನ ಬೆರಳುಗಳ ಆಯುಷ್ಯ.

ಸೀಲ್ ಚರ್ಮದ ಬೂಟಿನ ಮರ್ಮವೆಲ್ಲ ಒಂದು ಹೊಲಿಗೆಯಲ್ಲಿದೆ. ಸೂಜಿ ಚರ್ಮದ ದಪ್ಪದ ಅರ್ಧಕ್ಕೆ ಹೋಗಿ ಅಲ್ಲಿಂದಲೇ ಹೊರಳಿ ಹೊರಗೆ ಬರಬೇಕು. ಇನ್ನೊಂದು ಬದಿಯಲ್ಲಿ ಹಿಡಿದ ಬೆರಳಿಗೆ ಮೊನೆ ತಾಗಿದರೆ ಆ ಹೊಲಿಗೆ ಕೆಟ್ಟಿತೆಂದು ಅರ್ಥ, ಬಿಚ್ಚಬೇಕು. ಹಿಂದೆಲ್ಲ ಹಿಮಸಾರಂಗದ ಬೆನ್ನಿನ ನರ ಸೀಳಿ, ಒಣಗಿಸಿ ದಾರ ಮಾಡುತ್ತಿದ್ದರು. ನೀರು ತಾಗಿದರೆ ಆ ದಾರ ಉಬ್ಬಿ ತೂತನ್ನು ತಾನೇ ಮುಚ್ಚುತ್ತಿತ್ತು. ಊಲಾಯುಕ್ ಹೊಲಿದದ್ದು ಅಂಗಡಿಯಲ್ಲಿ ಸಿಗುವ, ಹಲ್ಲುಸಂದಿ ಉಜ್ಜುವ ಮೇಣದ ದಾರದಿಂದ. ಊರಿನ ಅರ್ಧ ಹೆಂಗಸರು ಹೊಲಿಯುವುದೂ ಅದರಿಂದಲೇ. ನರ ಒಣಗಿಸಲು ಒಂದು ಗೋಡೆಯಾದರೂ ಖಾಲಿ ಬೇಕಲ್ಲ.

ಊಲಾಯುಕಳ ಮನೆಯಲ್ಲಿ ಗೋಡೆಯಿರಲಿ, ನೆಲವೇ ಖಾಲಿ ಇರಲಿಲ್ಲ. ಮೂರು ಕೋಣೆ. ಒಂದರಲ್ಲಿ ಅವಳ ತಾಯಿ ಕೌನಾಕ್ ಮತ್ತು ಮೊಮ್ಮಕ್ಕಳು, ಒಂದರಲ್ಲಿ ಮಗಳು ಸೀಪೋರಾ ಮತ್ತು ಅವಳ ಕೂಸುಗಳು, ಇನ್ನೊಂದರಲ್ಲಿ ಊಲಾಯುಕ್. ಗಂಡ ಗಣಿಯಿಂದ ರಜೆಗೆ ಬಂದಾಗ ಅವನೂ ಅಲ್ಲೇ. ಸೀಪೋರಾಳ ಗಂಡ ಜೂಸುವಾ ವಿದ್ಯುತ್ ಕೇಂದ್ರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲೆಲ್ಲ ನಡುಮನೆಯ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದ. ಅವರು ಬೇರೆ ಮನೆಗೆ ಅರ್ಜಿ ಹಾಕಿದಾಗ ಹೊಟ್ಟೆಯಲ್ಲಿದ್ದ ಮಗು ಈಗ ಶಾಲೆಗೆ ಹೋಗುತ್ತಿದೆ. ಅರ್ಜಿ ಇನ್ನೂ ಮಲಗಿಯೇ ಇದೆ.

ಆ ಮನೆಗಳ ನಕ್ಷೆ ಬರೆದವರು ದಕ್ಷಿಣದಲ್ಲಿ ಎಲ್ಲೋ ಕುಳಿತು ಬರೆದರು. ಟಿವಿಗೆ ಗೋಡೆ ಕೊಟ್ಟರು, ಸೋಫಾಕ್ಕೆ ಜಾಗ ಕೊಟ್ಟರು, ಊಟದ ಮೇಜಿನ ಮೇಲೊಂದು ದೀಪವನ್ನೂ ಕೊಟ್ಟರು. ಚರ್ಮ ಹರಡಿಕೊಂಡು, ಕಾಲು ಚಾಚಿ ಕೂತು ಹೊಲಿಯಲು ಒಬ್ಬ ಹೆಂಗಸಿಗೆ ಜಾಗ ಬೇಕೆಂದು ಯಾರ ತಲೆಗೂ ಹೊಳೆಯಲಿಲ್ಲ. ಕೌನಾಕ್ ಹುಟ್ಟಿದ ಡೇರೆಯಲ್ಲಿ ಇಡೀ ಸಂಸಾರ ಒಂದೇ ಹಾಸಿನ ಮೇಲೆ ಮಲಗುತ್ತಿತ್ತು. ಆದರೂ ಎಣ್ಣೆದೀಪದ ಪಕ್ಕದ ಜಾಗ ತಾಯಿಯದು. ಅಲ್ಲಿ ಅವಳು ಸೂಜಿ ಹಿಡಿದು ಕೂತಿದ್ದರೆ ಎಂಥ ಬೇಟೆಗಾರನೂ ಸುತ್ತು ಹಾಕಿಕೊಂಡೇ ಹೋಗಬೇಕು, ಯಾಕೆಂದರೆ ಅವನ ಜೀವ ಆ ಸೂಜಿಯಲ್ಲಿತ್ತು. ಡೇರೆ ಬಿಡಿಸಿ ಮನೆ ಕೊಟ್ಟೆವೆಂದು ಹೇಳಿಕೊಂಡವರು ಆ ಜಾಗ ಕಿತ್ತುಕೊಂಡದ್ದನ್ನು ಎಲ್ಲೂ ಹೇಳಲಿಲ್ಲ.

ಹೇಳಲಿಲ್ಲ ಮಾತ್ರವಲ್ಲ, ಬುದ್ಧಿ ಹೇಳಲೂ ಬಂದರು. ಮಾರ್ಚಿನಲ್ಲಿ ಕರಕುಶಲದ ತರಬೇತಿ ಕೊಡಲು ದಕ್ಷಿಣದಿಂದ ಒಬ್ಬಾಕೆ ಬಂದಿದ್ದಳು. ಮನೆಯಲ್ಲೇ ನಿಮಗೊಂದು ಮೂಲೆ ಮಾಡಿಕೊಳ್ಳಿ, ಚಂದದ ಬುಟ್ಟಿಗಳನ್ನು ಜೋಡಿಸಿ, ಕಿಟಕಿಯ ಪಕ್ಕ ಕೂತು ದಿನಕ್ಕೆ ಒಂದು ಗಂಟೆ ನಿಮಗಾಗಿಯೇ ಇಟ್ಟುಕೊಳ್ಳಿ ಎಂದು ಬಣ್ಣದ ಚಿತ್ರಗಳನ್ನು ತೋರಿಸಿದಳು. ಹೆಂಗಸರು ತಲೆಯಾಡಿಸುತ್ತ ಬಿಸ್ಕತ್ತು ತಿಂದರು. ಕೌನಾಕ್ ಮಾತ್ರ ಪಕ್ಕದವಳ ಕಿವಿಗೆ ಬಾಗಿ, “ಇವಳ ಮನೇಲಿ ಮೂಲೆಗಳೆಲ್ಲ ಖಾಲಿ ಬಿದ್ದಿರ್ಬೇಕು. ಪಾಪ, ಜನ ಯಾರೂ ಇಲ್ವೇನೋ” ಅಂದಳು.

ಬೂಟು ಕೇಳಿದವನು ಮಗ ಪನಿಲೂ. ಊಲಾಯುಕಳ ಅಪ್ಪ ಸತ್ತ ವರ್ಷ ಹುಟ್ಟಿದವನು, ಅಪ್ಪನ ಹೆಸರನ್ನೇ ಹೊತ್ತವನು. ಹೆಸರು ಬಂದರೆ ನಂಟೂ ಜೊತೆಗೇ ಬರುತ್ತದೆ. ಹಾಗಾಗಿ ಊಲಾಯುಕ್ ಮಗನನ್ನು ಅಪ್ಪಾ ಎಂದು ಕರೆಯುತ್ತಾಳೆ, ಅವನು ತಾಯಿಯನ್ನು ಮಗಳೇ ಎನ್ನುತ್ತಾನೆ. ಅಜ್ಜಿ ಕೌನಾಕಳಿಗೆ ಅವನು ಸಾಕ್ಷಾತ್ ಗಂಡ. ಇಪ್ಪತ್ತು ದಾಟಿದ ಹುಡುಗನನ್ನು ಊರೆದುರು “ನಮ್ಮ ಯಜಮಾನ್ರು ಇನ್ನೂ ಎದ್ದಿಲ್ಲ” ಎಂದು ಛೇಡಿಸುವುದು ಅವಳ ನಿತ್ಯದ ಸಂಭ್ರಮ. ಅವನೂ ಬಿಡುವವನಲ್ಲ, ಚಹಾ ಆರಿದ್ದರೆ “ಇದೇನೇ, ಗಂಡನಿಗೆ ಕೊಡೋ ಚಹಾನಾ ಇದು?” ಎಂದು ಗದರುತ್ತಾನೆ.

ಅಂಗಡಿಯ ರಬ್ಬರ್ ಬೂಟು ನೀರು ತಡೆಯುತ್ತದೆ, ಆದರೆ ಗಡ್ಡೆಯಂಚಿನಲ್ಲಿ ಗಂಟೆಗಟ್ಟಲೆ ನಿಂತರೆ ಕಾಲು ಮರಗಟ್ಟಿಸುತ್ತದೆ. ಈ ಸಲ ಮಾವ ಇಯೋಲಾನ ಜೊತೆ ಹೋಗುವಾಗ ನೀನು ಹೊಲಿದದ್ದೇ ಬೇಕೆಂದು ಅವನು ಏಪ್ರಿಲಿನಲ್ಲೇ ಕೇಳಿದ್ದ. ಊಲಾಯುಕ್ ಹಿಗ್ಗಿಹೋದಳು. ಆಮೇಲೆ ಹೆದರಿದಳು. ಹಗಲೆಲ್ಲ ಅಂಗಡಿಯ ಗಲ್ಲಾದಲ್ಲಿ ನಿಂತು ಮನೆಗೆ ಬಂದರೆ ಮೇಜಿನ ಸುತ್ತ ಒಂದು ಪಂಕ್ತಿ ಉಣ್ಣುತ್ತಿರುತ್ತದೆ, ಇನ್ನೊಂದು ಕಾಯುತ್ತಿರುತ್ತದೆ. ನಡುಮನೆಯಲ್ಲಿ ಕೂತರೆ ಸೋಫಾದಿಂದ ಜೂಸುವಾನ ಕಾಲು ತಲೆಗೆ ತಾಗುತ್ತದೆ. ಒದ್ದೆ ಚರ್ಮದ ವಾಸನೆಗೆ ಸೀಪೋರಾ ಕಿಟಕಿ ತೆಗೆದರೆ ಕೂಸು ಕೆಮ್ಮುತ್ತದೆ. ಮುಚ್ಚಿದರೆ ಬಿಸಿಗಾಳಿಗೆ ಚರ್ಮ ಒಣಗಿ ಸೆಟೆದುಕೊಳ್ಳುತ್ತದೆ.

ಕೊನೆಗೆ ಉಳಿದದ್ದು ಬಚ್ಚಲು. ಚಿಲಕವಿರುವ ಬಾಗಿಲು ಅದೊಂದೇ. ಚರ್ಮ ನೆನೆಸಲು ನೀರೂ ಇದೆ, ಗಾಳಿಯಲ್ಲಿ ತೇವವೂ ಇದೆ. ಕಮೋಡಿನ ಮುಚ್ಚಳದ ಮೇಲೆ ಕೂತು, ಮಂಡಿಗಳ ನಡುವೆ ಬೂಟು ಸಿಕ್ಕಿಸಿಕೊಂಡು ಅವಳು ಹೊಲಿದಳು. ನಾಲ್ಕು ಹೊಲಿಗೆಗೊಂದು ಸಲ ಬಾಗಿಲು ಬಡಿಯುತ್ತಿತ್ತು. ಏಳುವುದು, ಚರ್ಮ ಎತ್ತುವುದು, ಆಚೆ ನಿಲ್ಲುವುದು, ಮತ್ತೆ ಕೂರುವುದು. ಒಂದು ಮನೆಗೆ ಒಂದೇ ಬಚ್ಚಲು, ಯಾರನ್ನು ಬೈಯುವುದು?

ಎಡಗಾಲಿನ ಅಟ್ಟೆ ಸೇರಿಸುತ್ತಿದ್ದಾಗ ಬಡಿದದ್ದು ಕೌನಾಕ್. “ಬೇಗ ಮಗಳೇ, ಈ ವಯಸ್ಸಿಗೆ ತಡೆಯಕ್ಕಾಗಲ್ಲ.” ಸೂಜಿ ಜಾರಿತು. ಹಿಂದಿನ ಬೆರಳಿಗೆ ಮೊನೆ ಚುಚ್ಚಿತು. ಆಮೇಲೆ ಬಿಚ್ಚಿದರಾಯಿತೆಂದು ಎದ್ದಳು. ವಾಪಸು ಬಂದು ಕೂತಾಗ ಅದು ಯಾವ ಹೊಲಿಗೆಯೆಂದೇ ಗೊತ್ತಾಗಲಿಲ್ಲ. ಹೊರಗಿನಿಂದ ಎಲ್ಲ ಹೊಲಿಗೆಗಳೂ ಒಂದೇ ಥರ ಕಾಣುತ್ತವೆ. ಅಷ್ಟರಲ್ಲಿ ಮತ್ತೆ ಬಾಗಿಲು. ಅದೇ ವಾರ ಗಡ್ಡೆ ಚೆನ್ನಾಗಿದೆ, ನಾಳೆಯೇ ಹೊರಡೋಣ ಎಂದು ಇಯೋಲಾ ಬಂದು ಕೂತ. ಗಾಳಿ ಊದಿ ನೋಡಿದೆಯಾ ಎಂದು ಕೌನಾಕ್ ಕೇಳಿದಳು. ಬೂಟಿನೊಳಗೆ ಊದಿ, ಬಾಯಿ ಹಿಚುಕಿ ಹಿಡಿದು, ಹೊಲಿಗೆಗುಂಟ ಕೆನ್ನೆ ಇಟ್ಟರೆ ತೂತು ಎಲ್ಲಿದ್ದರೂ ತಣ್ಣಗೆ ತಾಗುತ್ತದೆ. ಹೂಂ, ನೋಡಿದೆ ಎಂದಳು ಊಲಾಯುಕ್. ಅವಳು ನೋಡಿರಲಿಲ್ಲ.

ಪನಿಲೂ ರಬ್ಬರ್ ಬೂಟನ್ನು ಬಾಗಿಲ ಬಳಿ ಬಿಟ್ಟು ಹೊರಟ. ತಗೊಂಡು ಹೋಗು, ಇರಲಿ ಎಂದು ಅವಳು ಎರಡು ಸಲ ಹೇಳಿದಳು. “ನೀನು ಹೊಲಿದಿದ್ದು ಕಾಲಲ್ಲಿ ಇರೋವಾಗ ಅದ್ಯಾಕೆ ಮಗಳೇ ಹೊರೆ?” ಎಂದು ಅವನು ನಕ್ಕ. ಇನ್ನೊಂದು ಮಾತು ಆಡಿದ್ದರೆ ನಿಜ ಹೊರಬೀಳುತ್ತಿತ್ತು.

ಬೇಟೆಗೆ ಹೋದವರು ಸಂಜೆಗೊಮ್ಮೆ ರೇಡಿಯೋದಲ್ಲಿ ಮಾತಾಡುತ್ತಾರೆ, ಊರೆಲ್ಲ ಕೇಳಿಸಿಕೊಳ್ಳುತ್ತದೆ. ಮೊದಲ ಸಂಜೆ ಕೌನಾಕ್ ತಾನೇ ಮೈಕು ಕಿತ್ತುಕೊಂಡು, ಯಜಮಾನರ ಕಾಲು ಹೇಗಿದೆ ಎಂದು ವಿಚಾರಿಸಿದಳು. “ಬೂಟು ಚೆನ್ನಾಗಿದೆ ಕಣೇ. ಕಾಲು ಮನೇಲಿದ್ದಷ್ಟೇ ಬೆಚ್ಚಗಿದೆ.” ಊರಿಗೆ ಊರೇ ಕೇಳಿತು. ಮರುದಿನ ಗಲ್ಲಾದ ಮುಂದೆ ನಿಂತವರೆಲ್ಲ ಅದನ್ನೇ ಹೇಳಿದರು. ನಮಗೂ ಒಂದು ಜೊತೆ ಹೊಲಿದುಕೊಡು ಎಂದು ಒಬ್ಬಳು ದುಂಬಾಲು ಬಿದ್ದಳು. ಊಲಾಯುಕ್ ನಗುತ್ತ ಚಿಲ್ಲರೆ ತಪ್ಪಾಗಿ ಕೊಟ್ಟಳು. ಅವನ ಮಾತು ನಿಜವಿರಬಹುದು. ಮೊನೆ ತಾಗಿದ್ದು ತನ್ನ ಭ್ರಮೆಯೂ ಇರಬಹುದು. ಹೀಗೆ ಸಮಾಧಾನ ಹೇಳಿಕೊಂಡ ಮರುಕ್ಷಣವೇ ಬೆರಳು ಚುರ್ ಎನ್ನುತ್ತಿತ್ತು.

ಎರಡನೇ ಸಂಜೆ ಗಾಳಿ ತಿರುಗಿತು. ದಾರಿಯಲ್ಲಿ ಗಡ್ಡೆ ಬಿರುಕು ಬಿಟ್ಟಿದೆ, ಸುತ್ತಿ ಬರಬೇಕು, ತಡವಾಗುತ್ತದೆ ಎಂದು ಇಯೋಲಾ ಹೇಳಿದ. ಸುತ್ತಿ ಬರುವುದೆಂದರೆ ಮೋಟಾರಿನ ಹಿಮಬಂಡಿಯಿಂದ ಇಳಿದು, ನೀರಿನಲ್ಲಿ ನಡೆದು, ಅದರ ಹಿಂದೆ ಕಟ್ಟಿದ ಜಾರುಬಂಡಿ ತಳ್ಳುವುದು. ಮೂರನೇ ಸಂಜೆ ರೇಡಿಯೋ ಮಾತಾಡಲಿಲ್ಲ. ಬ್ಯಾಟರಿ ಹೋಗಿರುತ್ತೆ ಎಂದು ಎಲ್ಲರೂ ಅಂದರು. ಇಯೋಲಾನಿಗೆ ಗಡ್ಡೆಯ ಒಂದೊಂದು ಬಿರುಕಿನ ಪರಿಚಯವಿದೆ, ಚಿಂತೆಯಿಲ್ಲ ಅಂದರು. ಅವರ ಚಿಂತೆ ಗಡ್ಡೆಯದು, ಇವಳದು ಬೇರೆ. ಗಡ್ಡೆ ಒಡೆದರೆ ಗಾಳಿಯನ್ನು ಬೈಯಬಹುದು. ಕಾಲು ಕೊಳೆತರೆ?

ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಲಿಲ್ಲ. ಬಾನಕ್ ರೊಟ್ಟಿ ಮುರಿಯುತ್ತ ಕೂತಿದ್ದ ಕೌನಾಕಳ ಎದುರು ನಿಂತು, ಬೂಟಿನಲ್ಲಿ ತೂತಿದೆ ಎಂದಳು.

ಕೌನಾಕ್ ರೊಟ್ಟಿ ಕೆಳಗಿಟ್ಟಳು. “ಯಾವ ಕಾಲು?”

“ಎಡಗಾಲು. ಒಳಮಗ್ಗುಲು, ಹೆಬ್ಬೆರಳಿನ ಹಿಂದೆ.”

“ಊದಿ ನೋಡ್ದೆ ಅಂದ್ಯಲ್ಲ.”

“ಸುಳ್ಳು ಹೇಳ್ದೆ.”

ಮುದುಕಿ ಬಚ್ಚಲಿನ ಬಾಗಿಲ ಕಡೆ ತಿರುಗಿದಳು. “ನಾನು ಬಾಗಿಲು ಬಡಿದೆನಲ್ಲ, ಆವಾಗ್ಲೇ ತಾನೆ?”

ಊಲಾಯುಕ್ ಚುಚ್ಚಿದ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಇಷ್ಟು ದಿನ ಬಾಯಿ ಬಿಡದಿದ್ದಕ್ಕೆ ಅರ್ಧ ಕಾರಣ ಅದೇ ಆಗಿತ್ತು. ಕೌನಾಕ್ ಅಂದು ಮತ್ತೆ ರೊಟ್ಟಿ ಮುಟ್ಟಲಿಲ್ಲ. ಯಜಮಾನರ ಹೆಸರೆತ್ತಿ ತಮಾಷೆಯನ್ನೂ ಮಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಧ್ಯಾಹ್ನ ದಂಡೆಯ ಕಡೆಯಿಂದ ಹಿಮಬಂಡಿಯ ಸದ್ದು ಬಂತು. ಜನ ಓಡಿದರು. ಜಾರುಬಂಡಿಯ ಮೇಲೆ ಸೀಲ್‌ಗಳಿದ್ದವು, ಇಬ್ಬರೂ ಇದ್ದರು. ಪನಿಲೂ ನಗುತ್ತ ಇಳಿದ. ನೆಟ್ಟಗೇ ನಡೆದ. ಅತಿಯಾಗಿ ನೆಟ್ಟಗೆ ನಡೆದ. ಅದನ್ನು ತಾಯಿಯ ಕಣ್ಣು ಮಾತ್ರ ಕಂಡಿತು.

ಬೇಟೆಯಿಂದ ಬಂದವನ ಬೂಟು ಎಳೆಯುವುದು ಮನೆಯ ಹೆಂಗಸಿನ ಕೆಲಸ. ನಾನೇ ತೆಗೆದುಕೊಳ್ಳುತ್ತೇನೆ ಬಿಡು ಎಂದು ಪನಿಲೂ ಎರಡು ಕೈಯಲ್ಲೂ ತಡೆದ. ಅವಳು ಬಿಡಲಿಲ್ಲ. ಬಲಗಾಲು ಒಣಗಿತ್ತು. ಎಡಗಾಲಿನ ಬೂಟಿನಿಂದ ನೀರು ಇಳಿಯಿತು, ಅದರ ಹಿಂದೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕಾಲು. ಬೆರಳುಗಳು ಊದಿ ಮೇಣದಂತೆ ಬಿಳಿಚಿದ್ದವು. ಮುಟ್ಟಿದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಮೊದಲ ದಿನವೇ ನೀರು ಬಂದಿತ್ತು ಎಂದು ಇಯೋಲಾ ಬಾಗಿಲಲ್ಲೇ ನಿಂತು ಒಪ್ಪಿಕೊಂಡ. ವಾಪಸು ಹೋಗೋಣವೆಂದರೆ ಇವನೇ ಕೇಳಲಿಲ್ಲವಂತೆ.

“ಯಾಕಪ್ಪಾ ಬರ್ಲಿಲ್ಲ?” ಊಲಾಯುಕ್ ಕೇಳಿದಳು. “ರೇಡಿಯೋದಲ್ಲಿ ಚೆನ್ನಾಗಿದೆ ಅಂದ್ಯಲ್ಲ?”

“ಬಂದಿದ್ರೆ ಯಾಕೆ ಬಂದೆ ಅಂತ ಊರೆಲ್ಲ ಕೇಳೋರು. ಏನು ಹೇಳ್ಲಿ ಮಗಳೇ? ನನ್ನ ಮಗಳು ಹೊಲಿದಿದ್ದು ಸೋರ್ತಿದೆ ಅನ್ಲಾ?”

ಅವಳು ಅಂಗಿ ಎತ್ತಿ ಆ ಕಾಲನ್ನು ತನ್ನ ಬರಿಯ ಹೊಟ್ಟೆಗೆ ಒತ್ತಿಕೊಂಡಳು. ಮೀನು ಇಟ್ಟಂತಿತ್ತು. ನರ್ಸ್ ಬಂದು ನೋಡಿದಳು. ಉಳಿದ ಬೆರಳುಗಳಿಗೆ ಭಯವಿಲ್ಲ, ಹೆಬ್ಬೆರಳಿನ ತುದಿಯ ಬಗ್ಗೆ ಈಗಲೇ ಏನೂ ಹೇಳಲಾಗದು, ಕಾದು ನೋಡಬೇಕು ಎಂದಳು. ಕಾಲು ಒಣಗಿರಲಿ, ಮನೆಯಲ್ಲಿ ಜಾಗ ಮಾಡಿ ಎತ್ತರದಲ್ಲಿಟ್ಟು ಮಲಗಿಸಿ ಎಂದೂ ಹೇಳಿದಳು. ಜಾಗ ಮಾಡಬೇಕಂತೆ. ಸೀಪೋರಾ ಅಮ್ಮನ ಮುಖ ನೋಡಿದಳು.

ಊಲಾಯುಕ್ ಸೋಫಾದ ಹತ್ತಿರ ಹೋಗಿ ಜೂಸುವಾನ ಭುಜ ಅಲುಗಿಸಿದಳು. “ಏಳಪ್ಪ. ಇದನ್ನ ಹೊರಗೆ ಹಾಕ್ಬೇಕು.”

ಅವನು ಕಣ್ಣುಜ್ಜಿಕೊಂಡು ಎದ್ದು ಕೂತ. “ನಾನೆಲ್ಲಿ ಮಲಗ್ಲಿ ಅತ್ತೆ?”

“ನನ್ನ ಮಂಚದ ಮೇಲೆ. ನಾನು ಮಲಗೋದು ಯಾವಾಗ್ಲೋ.”

ಸೋಫಾ ಮನೆಯ ಮುಂದಿನ ಜಲ್ಲಿಯ ಮೇಲೆ ಬಿತ್ತು. ಮನೆ ಕೊಟ್ಟ ಕಚೇರಿಯವರು ಕಂಡರೆ ಮನೆ ಸಾಮಾನು ಹೊರಗಿಡಬಾರದೆಂದು ಚೀಟಿ ಅಂಟಿಸುತ್ತಾರೆ ಎಂದು ಸೀಪೋರಾ ಹೆದರಿದಳು. ಅಂಟಿಸಲಿ. ಹನ್ನೊಂದು ಜನರನ್ನು ಮೂರು ಕೋಣೆಯಲ್ಲಿ ತುರುಕಿದಾಗ ಯಾರು ಯಾರಿಗೆ ಚೀಟಿ ಅಂಟಿಸಿದ್ದರು?

ಖಾಲಿಯಾದ ನೆಲದ ಒಂದು ಬದಿಗೆ ಹಾಸಿಗೆ ಹಾಕಿ ಪನಿಲೂನನ್ನು ಮಲಗಿಸಿದರು. ಇನ್ನೊಂದು ಬದಿಗೆ ಊಲಾಯುಕ್ ಕಾಲು ನೀಳವಾಗಿ ಚಾಚಿ ಕೂತಳು. ಎಡಗಾಲಿನ ಬೂಟನ್ನು ತೊಡೆಯ ಮೇಲಿಟ್ಟು ಅಟ್ಟೆಯ ಸುತ್ತಲ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಕೌನಾಕ್ ತನ್ನ ಪೆಟ್ಟಿಗೆಯ ತಳದಿಂದ ಹಳೆಯ ನರದ ದಾರ ಹುಡುಕಿ ತಂದಳು. ಹಲ್ಲಿಲ್ಲದ ಬಾಯಲ್ಲಿಟ್ಟು ನೆನೆಸಿ ಒಂದೊಂದೇ ಎಳೆ ಬಿಡಿಸಿ ಕೊಟ್ಟಳು. ಆಮೇಲೆ ಮಗಳ ಮುಂದೆ ಅಡ್ಡಲಾಗಿ ಕೂತು, ಓಡಿ ಬಂದ ಮೊಮ್ಮಕ್ಕಳಿಗೆಲ್ಲ ಕೈ ತೋರಿಸಿ, “ಸುತ್ತಿ ಹೋಗ್ರೋ” ಅಂದಳು.

ಊಲಾಯುಕ್ ಸೂಜಿ ಇಳಿಸಿದಳು. ಹಿಂದಿನ ಬೆರಳು ಮೊನೆಗಾಗಿ ಕಾಯಿತು. ತಾಗಲಿಲ್ಲ. ಎರಡನೆಯದೂ ತಾಗಲಿಲ್ಲ. ಮೂರನೆಯದು ತಾಗಿತೋ ಇಲ್ಲವೋ ತಿಳಿಯಲಿಲ್ಲ. ಬೆರಳಿಗೆ ಚುಚ್ಚಿತೋ, ಮನಸ್ಸಿಗೆ ಚುಚ್ಚಿತೋ, ಈಗ ಎರಡೂ ಒಂದೇ ಆಗಿತ್ತು. ಹಾಸಿಗೆಯ ಮೇಲೆ ಪನಿಲೂ ಬಟ್ಟೆ ಸುತ್ತಿದ ಕಾಲನ್ನು ಮೆಲ್ಲಗೆ ಅಲುಗಿಸಿ ನೋಡಿಕೊಳ್ಳುತ್ತಿದ್ದ. ಏನಾದರೂ ಗೊತ್ತಾಗುತ್ತಿದೆಯೇ ಎಂದು ಅವಳು ಕೇಳಿದಳು. ಇನ್ನೂ ಇಲ್ಲ ಮಗಳೇ ಎಂದ.

ಅವಳು ಆ ಮೂರು ಹೊಲಿಗೆಯನ್ನೂ ಬಿಚ್ಚಿದಳು.