ಅವೇ ಹನ್ನೆರಡು ಮನೆ

ಹಲೀಮಾ ಆಪಾ ಯಾರ ಮನೆಗೆ ಹೋದರೂ ಹೊಸ್ತಿಲಾಚೆಯೇ ಚಪ್ಪಲಿ ಬಿಡುತ್ತಿದ್ದರು, ಬಾಗಿಲಲ್ಲೇ ನಿಂತು ಮಾತಾಡಿ ಬರುವುದಿದ್ದರೂ ಅಷ್ಟೇ. "ಮಂದಿ ತಮ್ಮ ಬ್ಯಾನಿ ಹೇಳ್ತಾರ್ರಿ, ಚಪ್ಪಲಿ ಮ್ಯಾಲ ನಿಂತು ಹ್ಯಾಂಗ ಕೇಳೋದು?" ಅನ್ನುವರು. ಹುಮನಾಬಾದಿನ ನಮ್ಮ ಆರೋಗ್ಯ ಸಮೀಕ್ಷೆಯ ಕಚೇರಿಗೆ ಮನೆ ಮನೆ ತಿರುಗಿ ಮಾಹಿತಿ ತರುವವರು ಅವರು. ಅದನ್ನು ಕಂಪ್ಯೂಟರಿಗೆ ಹಾಕುವವನು ನಾನು.

ನಾನು ಬರುವ ಮುಂಚೆ ಯಾವ ಮನೆಗೆ ಹೋಗಬೇಕೆಂದು ಆಪಾ ಚೀಟಿ ಎತ್ತುತ್ತಿದ್ದರು. ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಮೂರು ಸಲ ಅಲ್ಲಾಡಿಸುವರು. "ಚೀಟಿ ಬಂದ ಮನಿಗೆ ಹೋಗಬೇಕ್ರಿ, ಚಾ ಸಿಗೋ ಮನಿಗಲ್ಲ." ನನಗೆ ನಗು. ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಜೋಡಿಸುವಂಥ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆದೆ. ಅದು ಆರಿಸಿಕೊಟ್ಟ ಹನ್ನೆರಡು ಮನೆಗಳನ್ನು ತಿಂಗಳಿಗೊಮ್ಮೆ ಫೋನಿನಲ್ಲಿ ಓದಿ ಹೇಳತೊಡಗಿದೆ.

ಎರಡನೇ ತಿಂಗಳು ಘಾಟಬೋರಾಳದಿಂದ ಅವರ ಫೋನ್ ಬಂತು. "ಮತ್ತ ಅವೇ ಮನಿ ಬಂದಾವಲ್ರಿ ಸರ್. ನಿಮ್ಮ ಮಶಿನ್ ಡಬ್ಬಿ ಅಲ್ಲಾಡಸ್ತದೋ ಇಲ್ಲೋ?"

"ಮಶಿನ್ ತಪ್ಪು ಮಾಡಂಗಿಲ್ಲ ಆಪಾ, ಹೋಗ್ರಿ," ಅಂದೆ. ಹೋದರು. ಮೂರನೇ ತಿಂಗಳೂ ಹೋದರು.

ಮೂರು ತಿಂಗಳೂ ಅವೇ ಮನೆಗಳಿದ್ದ ಕಾಗದಗಳನ್ನು ನೋಡಿ ನಮ್ಮ ಕಚೇರಿಯ ಸಾಹೇಬರು ಕೆಂಡವಾದರು. "ಗುರ್ತಿನ ಮನ್ಯಾಗ ಕುಂತು ಬರಕೊಂಡ ಬರಾಕತ್ತೀರೇನು?"

ಆಪಾ ನನ್ನ ಕಡೆ ತಿರುಗಿದರು. "ಈ ಸರ್ ಹೇಳಿದ ಮನೀನೇ ರೀ. ಅವರನ್ನೇ ಕೇಳ್ರಿ."

ಘಾಟಬೋರಾಳದ ಫೋನು ನನಗೆ ನೆನಪಿತ್ತು. ಆದರೂ ಪ್ರೋಗ್ರಾಂ ತೆರೆದು ಸಹ ನೋಡದೆ, "ಕಂಪ್ಯೂಟರ್ ಹಂಗ ಕೊಡೋದಿಲ್ರಿ," ಅಂದುಬಿಟ್ಟೆ. ಸುಳ್ಳು ಬರೆದವರೆಂಬ ಹೆಸರು ಹೊತ್ತು ಆಪಾ ಅವತ್ತೇ ಕೆಲಸ ಬಿಡಬೇಕಾಯಿತು.

ವಾರದ ಮೇಲೆ ತಪ್ಪು ಸಿಕ್ಕಿತು. ಚೀಟಿ ಎತ್ತಿದಂತೆ ಬರುವ ಯಾದೃಚ್ಛಿಕ ಸಂಖ್ಯೆ ಎಲ್ಲಿಂದ ಶುರುವಾಗಬೇಕೆಂದು ತಂತ್ರಾಂಶ ಒಂದು ಗುರುತು ಇಟ್ಟುಕೊಂಡಿರುತ್ತದೆ. ನನ್ನ ಪ್ರೋಗ್ರಾಂ ಆ ಗುರುತನ್ನು ಕೇಳಿ ಪಡೆಯುತ್ತಿತ್ತು, ಕೆಲಸ ಮುಗಿದ ಮೇಲೆ ಎಲ್ಲಿಗೆ ಬಂದೆನೆಂದು ತಿರುಗಿ ಹೇಳುತ್ತಿರಲಿಲ್ಲ. ಹೇಳುವ ಆ ಒಂದು ಸಾಲನ್ನು ನಾನು ಬರೆದೇ ಇರಲಿಲ್ಲ. ಹೀಗಾಗಿ ಪ್ರತಿ ತಿಂಗಳೂ ಮೊದಲಿನ ಜಾಗದಿಂದಲೇ ಶುರು, ಅವೇ ಮನೆಗಳು. ಯಾರಿಗೂ ಹೇಳದೆ ಸಾಲು ಸೇರಿಸಿದೆ. ನಾಚಿಕೆಗೇಡಿ ನಾನು.

ಹೋದ ತಿಂಗಳು ತಡೆಯಲಾರದೆ ಬಸವಕಲ್ಯಾಣದ ಅವರ ಮನೆಗೆ ಹೋದೆ. ಆಪಾ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಎಲ್ಲವನ್ನೂ ಹೇಳಿ ಅತ್ತೆ. ಅವರು ಬೈಯಲಿಲ್ಲ.

"ಸಾಹೇಬರಿಗೆ ಹೇಳೀರೇನ್ರಿ?"

"ಇನ್ನಾ ಇಲ್ಲ ಆಪಾ."

"ನಾ ಸುಳ್ಳು ಬರದಿಲ್ಲಂತ ನನಗ ಮೊದಲೇ ಗೊತ್ತಿತ್ರಿ. ಗೊತ್ತಿಲ್ಲದವರು ಹುಮನಾಬಾದದಾಗ ಕುಂತಾರ."

ಅಲ್ಲಿಂದ ಬಸ್ಸು ಹತ್ತಿ, ಹುಮನಾಬಾದಿನಲ್ಲಿ ಇಳಿದವನೇ ನೆಟ್ಟಗೆ ಕಚೇರಿಗೆ ಹೋದೆ. ಸಾಹೇಬರು ಒಬ್ಬರೇ ಇದ್ದರು. ತಲೆ ಎತ್ತಿ, "ಏನ್ರಿ?" ಅಂದರು.

"ಏನಿಲ್ರಿ ಸರ್," ಅಂದೆ.