ಪ್ಯಾಕೇಜಿನ ಪಟ್ಟಿಯಲ್ಲಿಲ್ಲದ ಕುಬ್ರಾ

ಬೆಳಗಿನ ಆರೂಕಾಲು. ಬಣಕಲ್ ಬಳಿಯ ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಜಗಲಿಯಲ್ಲಿ ಕುಬ್ರಾ ಒಂದು ಚೊಂಬು ಬಿಸಿನೀರು, ಹಳೆಯ ಟವೆಲ್ಲು, ಅಂಗೈಯಗಲದ ಬೆರಳಚ್ಚಿನ ಮೆಷಿನ್ನು ಇಟ್ಟುಕೊಂಡು ಕೂತಿದ್ದಾರೆ. ಕಾಫಿ ಕೊಯ್ಲಿಗೆ ಹೊರಟವರು ಒಬ್ಬೊಬ್ಬರಾಗಿ ಬೆರಳು ತೊಳೆದು, ಒರೆಸಿ, ಗಾಜಿನ ಮೇಲೆ ಒತ್ತಿ ತಮ್ಮ ಖಾತೆಯ ಹಣ ಪಡೆಯುತ್ತಾರೆ. ತೋಟಕ್ಕೆ ಇಳಿದ ಮೇಲೆ ಹಣ್ಣಿನ ಅಂಟು ಬೆರಳಿನ ಗೆರೆಗಳನ್ನು ಮುಚ್ಚಿಬಿಡುತ್ತದೆ. ಮೆಷಿನ್ನಿಗೆ ಯಾರ ಗುರುತೂ ಸಿಗುವುದಿಲ್ಲ. "ಮೇಸ್ತ್ರಿ ಕರೆಯೋ ಮೊದ್ಲು ಮುಗಿಸ್ಬೇಕು. ಆಮೇಲೆ ಇವರ ಕೈ ತೋಟದ್ದು," ಎಂದು ಕುಬ್ರಾ ನಗುತ್ತಾರೆ.

ನಲವತ್ಮೂರರ ಕುಬ್ರಾ ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ, ಕಟ್ಟಿಸಿಕೊಳ್ಳುವ ಪ್ರತಿನಿಧಿ. ಸಂಬಳವಿಲ್ಲ, ಕಮಿಷನ್ ಮಾತ್ರ. ಅದಕ್ಕೆ ಮೊದಲು ಹನ್ನೊಂದು ವರ್ಷ ಬ್ಯಾಂಕಿನ ಶಾಖೆಯಲ್ಲಿ ಕಸ ಗುಡಿಸಿ, ಟೀ ಕೊಟ್ಟು, ಬರೆಯಲು ಬಾರದವರ ಚಲನ್ ತುಂಬುತ್ತಿದ್ದರು. ಶಾಖೆ ಮುಚ್ಚಿ ಎಂಟು ವರ್ಷವಾಯಿತು. ಈಗಲೂ ಆ ಕಟ್ಟಡದ ಮುಂದೆ ಅವರ ಸ್ಕೂಟರ್ ತಾನಾಗಿ ನಿಧಾನವಾಗುತ್ತದೆ. "ಕೌಂಟರಿನ ಒಳಗಡೆ ಒಂದು ದಿನ ಕೂರ್ಬೇಕು ಅಂತ ಭಾಳ ಆಸೆ ಇತ್ತು. ಈಗಲ್ಲಿ ಗೊಬ್ಬರದ ಅಂಗಡಿ."

ದಿನಕ್ಕೆ ನಾಲ್ಕು ಲೈನು, ಮೂವತ್ತೆಂಟು ಕಿಲೋಮೀಟರು, ಸುಮಾರು ಐವತ್ತು ಬೆರಳು. ಅದರ ಜೊತೆಗೆ ಈಗ ಬ್ಯಾಂಕಿನ ಪ್ಯಾಕೇಜನ್ನೂ ಮಾರಬೇಕು. ಎಸ್ಸೆಮ್ಮೆಸ್, ಕಾರ್ಡ್, ಚೆಕ್ ಪುಸ್ತಕ, ಮೊಬೈಲ್ ಆ್ಯಪ್, ಅಪಘಾತ ವಿಮೆ: ಐದೂ ಸೇರಿ ತಿಂಗಳಿಗೆ ಐವತ್ತೊಂಬತ್ತು ರೂಪಾಯಿ. ಬಿಡಿಯಾಗಿ ಕೊಂಡರೆ ನೂರು ದಾಟುತ್ತದೆ. ಐದೂ ಬೇಕಾದವರಿಗೆ ನಿಜಕ್ಕೂ ಅಗ್ಗ. ಆದರೆ ಲೈನಿನಲ್ಲಿ ಈ ಜಗಲಿ ಬಿಟ್ಟರೆ ಎಲ್ಲೂ ಸಿಗ್ನಲ್ಲೇ ಇಲ್ಲ. ಹಾಗಾಗಿ ಕುಬ್ರಾ ಒಂದೊಂದರ ಬೆಲೆಯನ್ನೂ ಬಿಡಿಸಿ ಓದಿ ಹೇಳುತ್ತಾರೆ. ವಿಮೆ ಬೇಕೆಂದವರಿಗೆ ಅದೊಂದನ್ನೇ ಮಾಡಿಸುತ್ತಾರೆ.

ತಿಂಗಳಿಗೆ ಹನ್ನೆರಡು ಪ್ಯಾಕೇಜು ಮಾಡಿಸದಿದ್ದರೆ ಮೆಷಿನ್ನು ವಾಪಸು ಎಂದು ಮೇಲಿನಿಂದ ಸೂಚನೆ ಬಂದಿದೆ. ಪೇಟೆಯ ಅಂಗಡಿಯವರು, ಹೋಂಸ್ಟೇಯವರು ಸೇರಿ ಹನ್ನೊಂದಾಗಿದೆ. ಇವತ್ತೇ ತಿಂಗಳ ಕೊನೆಯ ದಿನ.

"ಹನ್ನೆರಡನೇದು ನನ್ನ ಹೆಸರಿಗೆ ಬರ್ಕೋ ಮಾರಾಯ್ತಿ," ಎನ್ನುತ್ತಾರೆ ಅರವತ್ತು ದಾಟಿದ ಕೂಲಿಯಾಳು ತಿಮ್ಮಮ್ಮ.

"ನಿಮಗ್ಯಾಕೆ ತಿಮ್ಮಕ್ಕ ಚೆಕ್ ಪುಸ್ತಕ? ಮಂಗಗಳಿಗೆ ಬರೆದು ಕೊಡ್ತೀರಾ?"

"ಒಲೆ ಹಚ್ಚೋಕೆ ಆಗ್ತದೆ ಬಿಡು. ನೀನು ಬರೋದು ನಿಂತ್ರೆ ನಾನು ಬ್ಯಾಂಕಿಗೆ ಅಂತ ಮೂಡಿಗೆರೆಗೆ ಹೋಗ್ಬೇಕು, ಒಂದು ದಿನದ ಕೂಲಿ ಹೋಗ್ತದೆ. ಐವತ್ತೊಂಬತ್ತು ಹೆಚ್ಚೋ, ಕೂಲಿ ಹೆಚ್ಚೋ? ನಾನು ದುಡ್ಡು ಕೊಡೋದು ನಿನಗೆ, ಪುಸ್ತಕಕ್ಕಲ್ಲ."

ಲೆಕ್ಕ ಸರಿಯಾಗಿಯೇ ಇದೆ. ಆದರೆ ತಿಮ್ಮಮ್ಮನಿಗೆ ಬೇಕಾದ ಸೇವೆ ಆ ಐದರಲ್ಲಿ ಇಲ್ಲವೇ ಇಲ್ಲ. ಅವರು ಬೆರಳು ಚಾಚಿಯೇ ಇರುತ್ತಾರೆ. ಕುಬ್ರಾ ಅದನ್ನು ಒರೆಸಿ, ಐನೂರು ರೂಪಾಯಿ ತೆಗೆದುಕೊಟ್ಟು, ಪ್ಯಾಕೇಜಿನ ಫಾರಮ್ಮನ್ನು ಚೀಲಕ್ಕೆ ಹಾಕುತ್ತಾರೆ. "ಬೇಡ ತಿಮ್ಮಕ್ಕ. ನೀವು ಕೊಟ್ರೆ ಲೈನಿನವರೆಲ್ಲ ಕೊಡ್ತಾರೆ. ಆಮೇಲೆ ನಾನು ಯಾವ ಮುಖ ಇಟ್ಕೊಂಡು ಇಲ್ಲಿ ಕೂರ್ಲಿ?"

ತಿಮ್ಮಮ್ಮ ಗೊಣಗುತ್ತಾ ತೋಟಕ್ಕೆ ಹೋಗುತ್ತಾರೆ. ಉಳಿದ ಲೈನುಗಳಲ್ಲೂ ಐದೂ ಬೇಕಾದವರು ಯಾರೂ ಇಲ್ಲ; ನಾಳೆ ಕುಬ್ರಾ ಮೂಡಿಗೆರೆಯ ಬ್ಯಾಂಕಿಗೆ ಹೋಗಿ ಮೆಷಿನ್ನು ಒಪ್ಪಿಸಬೇಕು. ಇವತ್ತಿಗೆ ಇನ್ನೂ ಮೂರು ಲೈನು ಬಾಕಿ. ಸ್ಕೂಟರಿಗೆ ಚೀಲ ಸಿಕ್ಕಿಸುತ್ತಾ ಕುಬ್ರಾ ಹೇಳುತ್ತಾರೆ: "ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿದ್ರೆ ಸಾಕಿತ್ತು, 'ಮನೆ ಬಾಗಿಲಿಗೆ ಬಂದು ಹೋಗೋದು' ಅಂತ. ಎರಡೇ ರೂಪಾಯಿ ಹಾಕ್ಲಿ. ಬೇಕಾದವ್ರು ಅದೊಂದನ್ನೇ ತಗೊಳ್ಳಲಿ."